ಮೊನೆ ಕಪ್ಪಾಯ್ತು, ಏನ್ಮಾಡ್ಲಿ?

ನಾನು ಏನಾದರೂ ಹೊಸದು ಕಲಿಯಲು ಹೊರಟರೆ ಸಾಕು, ಸುದ್ದಿ ಮೊದಲು ಬೀದಿಗೆಲ್ಲ ಗೊತ್ತಾಗುತ್ತದೆ, ವಿದ್ಯೆ ಮಾತ್ರ ನನಗೆ ಎಲ್ಲರಿಗಿಂತ ಕೊನೆಗೆ ಹತ್ತುತ್ತದೆ. ಗಮಕ ಕಲಿಯುವಾಗ ಹೀಗಾಯಿತು, ಕಂಪ್ಯೂಟರ್ ಕಲಿಯುವಾಗಲೂ ಆಯಿತು. ಈಗ ಸೋಲ್ಡರಿಂಗ್‌ನಲ್ಲಿ ಆಗುತ್ತಲೇ ಇದೆ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಗವಿಪುರದಲ್ಲಿ ಮನೆ. ಮನೆಯಲ್ಲಿ ಯಜಮಾನರು ಮತ್ತು ಎಂಬತ್ತಾರು ವರ್ಷದ ಅತ್ತೆ. ನನ್ನ ಜೊತೆ ನಿವೃತ್ತರಾದವರೆಲ್ಲ ಭಜನೆ, ಯೋಗ, ತಾರಸಿ ತೋಟ ಎಂದು ಹಂಚಿಹೋದರು. ನನಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಆಸೆ, ನನ್ನ ಕೈಯಾರೆ ಒಂದು ರೇಡಿಯೊ ಕಟ್ಟಬೇಕು. ಮಲ್ಲೇಶ್ವರದಲ್ಲಿ ನಿವೃತ್ತ ಇಂಜಿನಿಯರೊಬ್ಬರು ಭಾನುವಾರಗಳಂದು ತಮ್ಮ ಮನೆಯ ವರಾಂಡದಲ್ಲಿ ಇದನ್ನೆಲ್ಲ ಹೇಳಿಕೊಡುತ್ತಾರೆಂದು ಗೊತ್ತಾಗಿ ಹೋಗಿ ಸೇರಿಕೊಂಡೆ. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತೇವೆ.

ಮೊದಲ ದಿನವೇ ಮೇಷ್ಟ್ರು ಹೇಳಿದರು: "ಒಂದು ಸೋಲ್ಡರಿಂಗ್ ಐರನ್ ತಗೊಳ್ಳಿ. ಅದರ ಮೊನೆ ಕಾಯುತ್ತೆ, ಸೋಲ್ಡರ್ ತಂತೀನ ಕರಗಿಸುತ್ತೆ, ಬೆಸುಗೆ ಬೀಳುತ್ತೆ. ಆ ಮೊನೇನ ಮಗೂ ಥರ ನೋಡ್ಕೊಳ್ಳಿ, ಅಷ್ಟೇ."

ಮಕ್ಕಳನ್ನು ನೋಡಿಕೊಂಡು ನನಗೆ ಅಭ್ಯಾಸವಿತ್ತು. ಆದರೆ ಈ ಮಗು ದಿನಕ್ಕೊಂದು ಬಣ್ಣ ತಿರುಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

೧. ಐರನ್ ಬಂತು

ಎಸ್.ಪಿ. ರೋಡಿನ ಒಂದು ಅಂಗಡಿಗೆ ಹೋದೆ. ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಸೋಲ್ಡರಿಂಗ್ ಐರನ್ ಬೇಕೆಂದೆ.

"ಬಿಟ್ ಯಾವ್ದಮ್ಮಾ?" ಎಂದರು ಅಂಗಡಿಯವರು.

"ಬಿಟ್ಟಿ ಏನೂ ಬೇಡಪ್ಪ, ದುಡ್ಡು ಕೊಟ್ಟೇ ತಗೊಳ್ತೀನಿ."

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಅವರು ಒಂದು ಸಣ್ಣ ಲೋಹದ ಕಡ್ಡಿ ತೆಗೆದು ತೋರಿಸಿ, ಮೊನೆಗೆ ಅಂಗಡಿಯ ಭಾಷೆಯಲ್ಲಿ ಬಿಟ್ ಅನ್ನುತ್ತಾರೆಂದು ತಿಳಿಸಿಹೇಳಿದರು. ಚೂಪು ಮೊನೆಯದೊಂದನ್ನು ಆರಿಸಿ ಮನೆಗೆ ತಂದೆ.

ಅಂದಿನಿಂದ ಮೂರು ದಿನ ನಮ್ಮ ಬೀದಿಯ ಇಸ್ತ್ರಿಯವರು ನನ್ನನ್ನು ನೋಡಿ ನಗಲಿಲ್ಲ. ಮೂಲೆಯ ಹೊಂಗೆ ಮರದ ಕೆಳಗೆ ಅವರ ಗಾಡಿ. ನಮ್ಮ ಮನೆಯ ಬಟ್ಟೆಗೆ ಇಪ್ಪತ್ತು ವರ್ಷದಿಂದ ಅವರೇ ಇಸ್ತ್ರಿ ಹಾಕುವುದು. ಆ ಮೂರು ದಿನ ಬಂದ ಬಟ್ಟೆಗಳ ಮಡಿಕೆಯೋ, ಕೈ ಕುಯ್ಯುವಷ್ಟು ಚೂಪು! ಏನೂ ತಿಳಿಯಲಿಲ್ಲ. ನಾಲ್ಕನೆಯ ದಿನ ಅವರೇ ಬಾಗಿಲಿಗೆ ಬಂದರು.

"ಟೀಚರಮ್ಮಾ, ನನ್ನ ಕೆಲ್ಸದಲ್ಲಿ ಏನಾದ್ರೂ ತಪ್ಪಾಯ್ತಾ?"

"ಇಲ್ವಲ್ಲಪ್ಪ. ಯಾಕೆ?"

"ಮನೆಗೇ ಐರನ್ ತಂದ್ಬಿಟ್ರಂತೆ. ನಿಮ್ಮನೆ ಸಾಹೇಬ್ರೇ ಹೇಳಿದ್ರು."

ಒಳಗೆ ಓಡಿ ಸೋಲ್ಡರಿಂಗ್ ಐರನ್ ತಂದು ಅವರ ಕೈಗಿಟ್ಟೆ. ಅವರು ಅದನ್ನು ಪೆನ್ನಿನ ಹಾಗೆ ಹಿಡಿದು, ತಿರುಗಿಸಿ, ಮೊನೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಮುಖದಲ್ಲಿದ್ದ ಕೋಪವೆಲ್ಲ ಇಳಿದು ಮರುಕ ಬಂತು.

"ಮೋಸ ಮಾಡಿದಾರೆ ಕಣಮ್ಮ ನಿಮಗೆ. ಇದ್ರಲ್ಲಿ ಒಂದು ಸೀರೆ ಮುಗಿಸೋದ್ರೊಳಗೆ ಮುಂದಿನ ಯುಗಾದಿ ಬಂದಿರುತ್ತೆ."

೨. ಬಂಗಾರ

ಹೊಸ ಮೊನೆ ಮೊದಲ ಸಲ ಕಾದ ಕೂಡಲೇ ತುದಿಗೆ ಸೋಲ್ಡರ್ ಬಳಿಯಬೇಕೆಂದು ಮೇಷ್ಟ್ರು ಹೇಳಿದ್ದರು. ಬಳಿದೆ. ತುದಿ ಕನ್ನಡಿಯಂತೆ ಹೊಳೆಯಿತು. ಇನ್ನೇನು ರೇಡಿಯೊ ಮುಗಿದೇ ಹೋಯಿತು ಅನ್ನುವಷ್ಟು ಸಂತೋಷ.

ಆ ಸಂತೋಷ ಹತ್ತು ನಿಮಿಷ ಇತ್ತು. ತುದಿಯಿಂದ ಸ್ವಲ್ಪ ಮೇಲೆ, ಬೆಳ್ಳಗಿದ್ದ ಲೋಹ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಆಮೇಲೆ ಹೊಂಬಣ್ಣ, ಆಮೇಲೆ ನೇರಳೆ. ಕೊನೆಗೆ ನವಿಲಿನ ಕತ್ತಿನಂಥ ನೀಲಿಯೂ ಬಂತು. ಗಾಬರಿಯಾಗಿ ಪ್ಲಗ್ ಕಿತ್ತೆ. ಆರಿದ ಮೇಲಾದರೂ ಬಣ್ಣ ಹೋಗಬಹುದೆಂದು ಕಾದೆ. ಹೋಗಲಿಲ್ಲ. ಕರವಸ್ತ್ರದಲ್ಲಿ ಸುತ್ತಿಕೊಂಡು, ಕಲಾಸಿಪಾಳ್ಯದ ತರಕಾರಿ ಲಾರಿಗಳ ನಡುವೆ ಆಟೋ ಸಿಕ್ಕಿಬಿದ್ದಾಗಲೂ ಎದೆಗವಚಿಕೊಂಡು, ಮತ್ತೆ ಅದೇ ಅಂಗಡಿಗೆ ಹೋದೆ.

"ನೋಡಿ, ಬೆಳ್ಳಿ ಥರ ಇದ್ದಿದ್ದನ್ನ ಕೊಟ್ರಿ. ಒಂದೇ ದಿನಕ್ಕೆ ಹೀಗಾಗಿದೆ. ಬೇರೆ ಕೊಡಿ."

ಅಂಗಡಿಯವರು ನೋಡಿದರು. "ಅಮ್ಮಾ, ಬಿಸಿಗೆ ಮೇಲ್ಗಡೆ ಬಣ್ಣ ತಿರುಗೋದು ಸಹಜ. ಅದಕ್ಕೆ ತಲೆ ಕೆಡಿಸ್ಕೋಬೇಡಿ. ಕೆಲಸ ಮಾಡೋ ತುದಿ ಮಾತ್ರ ಬೆಳ್ಳಗಿರ್ಬೇಕು, ಸರೀನಾ?"

ನನಗೆ ಸಮಾಧಾನವಾಗಲಿಲ್ಲ. "ಅಲ್ಲಪ್ಪ, ಪೂರ್ತಿ ಬಂಗಾರ ಆಗೋಗಿದೆ!"

ಅವರು ಬಿಟ್ಟನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿ ನನ್ನ ಕೈಗೇ ಕೊಟ್ಟರು.

"ನಿಜವಾಗ್ಲೂ ಬಂಗಾರ ಆಗಿದ್ರೆ ನೀವು ವಾಪಸ್ ತರ್ತಿದ್ರಾ ಅಮ್ಮಾ?"

೩. ಯಜಮಾನರ ಸಹಾಯ

ಅಂಗಡಿಯವರು ಹೇಳಿದ ಮಾತಿನಲ್ಲಿ ಅರ್ಧ ಮಾತ್ರ ಮನೆ ತಲುಪಿತು. ಬಣ್ಣ ತಿರುಗಿದರೆ ತಲೆ ಕೆಡಿಸಿಕೊಳ್ಳಬಾರದು ಎಂಬ ಅರ್ಧ. ಹಾಗಾಗಿ ಮುಂದಿನ ವಾರ ತುದಿಯೇ ಕಪ್ಪಾಗತೊಡಗಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಣ್ಣು ಮಾಗುವ ಹಾಗೆ ಇದೂ ಮಾಗುತ್ತಿದೆ ಎಂದುಕೊಂಡೆ. ಐರನ್ ಕಾಯಲು ಇಟ್ಟು ಕನ್ನಡಕ ಹುಡುಕುತ್ತಿದ್ದೆ, ಕನ್ನಡಕ ಸಿಕ್ಕಮೇಲೆ ಸೋಲ್ಡರ್ ತಂತಿ ಹುಡುಕುತ್ತಿದ್ದೆ. ಅದು ಪಾಪ, ಗಂಟೆಗಟ್ಟಲೆ ಸುಮ್ಮನೆ ಕಾಯುತ್ತಾ ಕೂತಿರುತ್ತಿತ್ತು.

ಒಂದು ದಿನ ಸೋಲ್ಡರ್ ಹಿಡಿಯುವುದೇ ನಿಂತುಹೋಯಿತು. ತುದಿಗೆ ತಾಗಿಸಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ಉರುಳಿ ಮೇಜಿನ ಮೇಲೆ ಬೀಳುತ್ತಿತ್ತು. ಮೇಷ್ಟ್ರನ್ನು ಕೇಳೋಣವೆಂದು ಎತ್ತಿಟ್ಟು ಅಡುಗೆಮನೆಗೆ ಹೋದೆ.

ನಮ್ಮ ಯಜಮಾನರು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಎಲ್ಲಿ ಏನು ತಪ್ಪು ಕಂಡರೂ ತಿದ್ದದೆ ಬಿಡುವವರಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವುದರೊಳಗೆ ಅವರ ಕೈಯಲ್ಲಿ ಆರಿದ ಮೊನೆ, ಕಿಟಕಿ ಉಜ್ಜಲು ತಂದಿಟ್ಟಿದ್ದ ಉಪ್ಪು ಕಾಗದ, ಮುಖದಲ್ಲಿ ಗೆದ್ದ ಕಳೆ.

"ತಾಮ್ರ ಕಣೇ! ಒಳಗೆ ಅಪ್ಪಟ ತಾಮ್ರ ಇದೆ. ಮೇಲೆ ಏನನ್ನೋ ಬಳಿದು ಮುಚ್ಚಿಟ್ಟಿದ್ರು. ನಾನು ಬಿಡ್ತೀನಾ? ಎಲ್ಲ ಕೆರೆದು ತೆಗ್ದೆ."

ಕೆಂಪಗೆ ಫಳಫಳ ಹೊಳೆಯುತ್ತಿತ್ತು. ನನಗೂ ಹೆಮ್ಮೆಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಭಾನುವಾರ ಮೇಷ್ಟ್ರ ಮುಂದೆ ಇಟ್ಟೆ.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ನೋಡಿದರು. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಅಮ್ಮಾ, ಮೇಲಿದ್ದದ್ದು ಕಬ್ಬಿಣದ ಲೇಪ. ಮೊನೆ ಬಾಳಿಕೆ ಬರೋದೇ ಅದರಿಂದ. ತಾಮ್ರ ಹೊರಗೆ ಬಂತು ಅಂದ್ರೆ ಸೋಲ್ಡರ್ ಅದನ್ನ ತಿಂದುಹಾಕಿಬಿಡುತ್ತೆ. ಇದು ಮುಗೀತು. ಯಾರು ಮಾಡಿದ್ದು?"

"ನಮ್ಮ ಯಜಮಾನ್ರು."

"ಏನ್ ಮಾಡ್ಕೊಂಡಿದಾರೆ ಅವ್ರು?"

"ರಿಟೈರ್ ಆಗಿದಾರೆ ಸಾರ್. ಮನೇಲೇ ಇರ್ತಾರೆ."

ಮೇಷ್ಟ್ರು ಮೊನೆಯನ್ನು ಕಸದ ಡಬ್ಬಿಗೆ ಹಾಕಿದರು.

"ಮುಂದಿನ ವಾರದಿಂದ ಅವರನ್ನೂ ಕರ್ಕೊಂಬನ್ನಿ. ಅಷ್ಟು ಹೊತ್ತಾದ್ರೂ ಮನೆ ಸಾಮಾನು ಉಳಿಯುತ್ತೆ."

೪. ಒರೆಸಿ ಇಡಬೇಡಿ

ಮೊನೆ ಕಪ್ಪಾಗುತ್ತಿದ್ದದ್ದು ನನ್ನದೊಂದೇ ಅಲ್ಲ. ನಮ್ಮ ಗುಂಪಿನ ಹನ್ನೊಂದು ಜನರಲ್ಲಿ ಮೂವರದು ಆಗಲೇ ಇದ್ದಿಲಾಗಿತ್ತು. ಮೇಷ್ಟ್ರಿಗೆ ಬೇಸರವಾಗಿ ಒಂದು ಸಂಜೆ ವಾಟ್ಸಪ್ ಗುಂಪಿಗೆ ಒಂದು ಸಾಲಿನ ಆಜ್ಞೆ ಕಳಿಸಿದರು:

"ಕೆಲಸ ಮುಗಿದ ಮೇಲೆ ತುದಿ ಒರೆಸಿ ಇಡಬೇಡಿ ಸೋಲ್ಡರ್ ಹಚ್ಚಿ"

ಗುಂಪಿನಲ್ಲಿ ಬಸವನಗುಡಿಯ ಹಲ್ಲಿನ ಡಾಕ್ಟರೊಬ್ಬರಿದ್ದಾರೆ. ಅವರು ಇದನ್ನು ಓದಿಕೊಂಡದ್ದು ಹೀಗೆ: ತುದಿ ಒರೆಸಿ, ಸೋಲ್ಡರ್ ಹಚ್ಚಿ ಮಾತ್ರ ಇಡಬೇಡಿ. ಕಲಾಸಿಪಾಳ್ಯದಲ್ಲಿ ಶುಂಠಿ ಮಂಡಿ ನಡೆಸುವವರೊಬ್ಬರಿದ್ದಾರೆ. ಅವರು ಓದಿಕೊಂಡದ್ದು: ಒರೆಸಿ ಇಡಬೇಡಿ, ಸೋಲ್ಡರ್ ಹಚ್ಚಿ ಇಡಿ. ಅರ್ಧ ಗುಂಪು ಇತ್ತ, ಅರ್ಧ ಗುಂಪು ಅತ್ತ.

"ಹಲ್ಲುಜ್ಜಿ ಮಲಗೋದಾ, ಬಾಯಲ್ಲಿ ಅನ್ನ ಇಟ್ಕೊಂಡು ಮಲಗೋದಾ? ಒರೆಸಲೇಬೇಕು" ಎಂದು ಡಾಕ್ಟರು ಬರೆದರು.

"ಶುಂಠಿ ತೊಳೆದಿಟ್ರೆ ಕೊಳೆಯುತ್ತೆ ಸ್ವಾಮಿ, ಮಣ್ಣು ಸಮೇತ ಇಟ್ರೆ ಬಾಳುತ್ತೆ. ಒರೆಸಲೇಬಾರದು" ಎಂದು ಮಂಡಿಯವರು ಬರೆದರು.

ಇಬ್ಬರ ಮಾತೂ ನನಗೆ ಸರಿ ಎನ್ನಿಸಿತು. ಅದೇ ನನ್ನ ಕಷ್ಟ. ಅಷ್ಟರಲ್ಲಿ ಯಾರೋ ಬರೆದರು, "ಕನ್ನಡ ಟೀಚರ್ ಇದಾರಲ್ಲ, ಅವರೇ ಅರ್ಥ ಹೇಳಲಿ." ಎಲ್ಲರೂ ನನ್ನ ಉತ್ತರಕ್ಕೆ ಕಾದರು. ನಾನು ಆ ಸಾಲನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಅರ್ಧ ಗಂಟೆ ನೋಡಿದೆ. ವ್ಯಾಕರಣ ಇಬ್ಬರನ್ನೂ ಒಪ್ಪುತ್ತಿತ್ತು. ಮೇಷ್ಟ್ರಿಗೇ ಫೋನು ಮಾಡಿದೆ.

"ಸಾರ್, ಅಲ್ಪವಿರಾಮ 'ಒರೆಸಿ' ಆದ್ಮೇಲೆ ಬರುತ್ತೋ, 'ಇಡಬೇಡಿ' ಆದ್ಮೇಲೆ ಬರುತ್ತೋ?"

"ಅಲ್ಪವಿರಾಮ ಅಂದ್ರೆ?"

"ಕಾಮಾ ಸಾರ್."

"ಓ, ಕಾಮಾನಾ? ಅದಿಲ್ದಿದ್ರೆ ಏನಮ್ಮಾ ಆಗುತ್ತೆ?"

"ಐದಾರು ಮೊನೆ ಕಪ್ಪಾಗುತ್ತೆ ಸಾರ್."

"ಸರಿ, ಸರಿ. ಹಾಕಿ ಕಳಿಸ್ತೀನಿ."

ಐದು ನಿಮಿಷದಲ್ಲಿ ತಿದ್ದಿದ ಸಂದೇಶ ಬಂತು:

"ಕೆಲಸ, ಮುಗಿದ, ಮೇಲೆ, ತುದಿ, ಒರೆಸಿ, ಇಡಬೇಡಿ, ಸೋಲ್ಡರ್, ಹಚ್ಚಿ, ಸಾಕಾ?"

೫. ಅತ್ತೆಯ ಕಾಲೇಜು

ಈ ಒರೆಸುವ ಬಿಡುವ ಜಗಳವನ್ನು ನಾನು ಮನೆಯಲ್ಲಿ ಯಜಮಾನರ ಹತ್ತಿರ ಹೇಳಿಕೊಳ್ಳುತ್ತಿದ್ದಾಗ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ಆದರೆ ಕೇಳಬಾರದ್ದೆಲ್ಲ ಕೇಳಿಸುತ್ತದೆ.

"ತಾ ಇಲ್ಲಿ ಅದನ್ನ" ಎಂದರು. ಹೊಸದಾಗಿ ತಂದ ಮೊನೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದಕ್ಕೆ ಹಚ್ತೀಯಲ್ಲ, ಆ ತಂತಿ ಎಂಥದು?"

"ತವರ, ಸೀಸ ಎರಡೂ ಸೇರಿರುತ್ತಂತೆ."

"ಮತ್ತೆ ಇದು ಕಲಾಯಿ ಅಲ್ವೇನೇ? ಚಾಮರಾಜಪೇಟೇಲಿ ನಮ್ಮ ತಾಯಿ ಮನೆ ಹಿತ್ತಲಿಗೆ ಕಲಾಯಿಯವನು ಬರ್ತಿದ್ದ. ಹಿತ್ತಾಳೆ ಪಾತ್ರೇನ ಚೆನ್ನಾಗಿ ಕಾಯಿಸಿ, ನವಸಾಗರ ಉದುರಿಸಿ ಕೊಳೆ ಬಿಡಿಸಿ, ತವರ ತಾಗಿಸಿ, ಅರಳೇಲಿ ಒರೆಸಿ ಬಳೀತಿದ್ದ. ಕಲಾಯಿ ಇರೋವರ್ಗೂ ಪಾತ್ರೆ ಬೆಳ್ಳಗೆ. ಅದು ಹೋಯ್ತೋ, ಕಿಲುಬು."

"ಅಂದ್ರೆ ಒರೆಸ್ಬೇಕೋ, ಬಳೀಬೇಕೋ ಅತ್ತೆ?"

"ಎರಡೂ! ಕೊಳೆ ಒರೆಸು, ಆಮೇಲೆ ತವರ ಬಳಿದು ಮಲಗಿಸು. ಕೂಸಿಗೆ ಸ್ನಾನ ಮಾಡ್ಸಿ ಬರೀ ಮೈಲಿ ಮಲಗಿಸ್ತೀಯಾ? ಬಟ್ಟೆ ಹಾಕಲ್ವಾ?"

ಅಂದು ಕೆಲಸ ಮುಗಿದ ಮೇಲೆ ಒದ್ದೆ ಸ್ಪಂಜಿನಲ್ಲಿ ಒರೆಸಿದೆ, ದಪ್ಪಗೆ ಸೋಲ್ಡರ್ ಬಳಿದೆ, ಸ್ವಿಚ್ಚು ಆರಿಸಿದೆ. ಮಾರನೆಯ ದಿನ ಕಾಯಿಸಿ ಒಂದು ಸಲ ಒರೆಸಿದರೆ ತುದಿ ಬೆಳ್ಳಗೆ! ಭಾನುವಾರ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬೆರಗಾದರು. "ನಾನು ಹೇಳ್ಬೇಕು ಅಂತಿದ್ದಿದ್ದೂ ಅದೇ. ಎಷ್ಟು ಸರಿಯಾಗಿ ಹೇಳಿದಾರೆ! ಯಾವ ಕಾಲೇಜಲ್ಲಿ ಓದಿದ್ದು ನಿಮ್ಮತ್ತೆಯವರು?"

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಅವರೆಕಾಯಿಯಿಂದ ತಲೆ ಎತ್ತಲೂ ಇಲ್ಲ.

"ಚಾಮರಾಜಪೇಟೆ, ಹಿತ್ತಲ ಬಾಗಿಲು ಅಂತ ಹೇಳು."

೬. ನಿಲ್ಲದ ನಗಾರಿ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಪುಟ್ಟ ಗಣೇಶನ ಗುಡಿ ಇದೆ. ಅಲ್ಲೊಂದು ಕರೆಂಟಿನ ನಗಾರಿ. ಒಂದು ಮೋಟರು ತಿರುಗಿದರೆ ಸಾಕು, ನಗಾರಿ, ಜಾಗಟೆ, ಗಂಟೆ ಮೂರೂ ತಾವೇ ಬಡಿದುಕೊಳ್ಳುತ್ತವೆ. ಮಂಗಳಾರತಿ ಶುರುವಾದಾಗ ಗುಡಿಯ ಕಾರ್ಯದರ್ಶಿ ಅದರ ಸ್ವಿಚ್ಚು ಹಾಕುತ್ತಾರೆ, ಮುಗಿದಾಗ ಆರಿಸುತ್ತಾರೆ. ಒಂದು ಸಂಕಷ್ಟಿಯ ಬೆಳಿಗ್ಗೆ ಅದು ಕೆಟ್ಟು ಕೂತಿತು. ಸಂಜೆ ಇಡೀ ಬಡಾವಣೆ ಬರುತ್ತದೆ. ರಿಪೇರಿಯವರು ಸಿಗಲಿಲ್ಲ. ಅರ್ಚಕರು ನಮ್ಮ ಮನೆಗೇ ಬಂದರು.

"ಅಮ್ಮಾ, ನೀವು ಈಗ ಬೆಸುಗೆ ಎಲ್ಲ ಹಾಕ್ತೀರಂತಲ್ಲ. ಒಂದ್ಸಲ ನೋಡಿ."

ನನ್ನ ಬೆಸುಗೆಯನ್ನು ಕೇಳಿಕೊಂಡು ಬಂದ ಮೊದಲನೆಯವರು ಅವರು. ಇಲ್ಲ ಅನ್ನುವುದು ಹೇಗೆ? ಐರನ್ನು ಎತ್ತಿಕೊಂಡು ಹೊರಟೆ. ನಗಾರಿಯ ಪ್ಲಗ್ ಕಿತ್ತು ಸ್ವಿಚ್ಚಿನ ಡಬ್ಬಿ ಬಿಚ್ಚಿ ನೋಡಿದರೆ ಒಂದು ತಂತಿ ಕಳಚಿ ನೇತಾಡುತ್ತಿತ್ತು. ಇಷ್ಟೇ! ಮೊನೆ ಕಾಯಿಸಿದೆ. ಒರೆಸಿದೆ. ಬೆಳ್ಳಗೆ ಹೊಳೆಯಿತು. ಸೋಲ್ಡರ್ ತಾಗಿಸಿದರೆ ತುಪ್ಪ ಕರಗಿದ ಹಾಗೆ ಹರಿದು ತಂತಿಯನ್ನು ಅಪ್ಪಿಕೊಂಡಿತು. ಆರಿದ ಮೇಲೆ ಜಗ್ಗಿ ನೋಡಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜೀವಮಾನದಲ್ಲಿ ಅಂಥ ಬೆಸುಗೆ ನಾನು ಹಾಕಿರಲಿಲ್ಲ.

ಡಬ್ಬಿ ಮುಚ್ಚಿ ಪ್ಲಗ್ ಸಿಕ್ಕಿಸಿದೆ. ಢಣ ಢಣ ಎಂದು ನಗಾರಿ ಶುರುವಾಯಿತು. ಅರ್ಚಕರು ಕೈಮುಗಿದರು. ನಾನಿನ್ನೂ ಸ್ವಿಚ್ಚನ್ನು ಮುಟ್ಟಿಯೇ ಇಲ್ಲ ಎಂಬುದು ಆ ಸಂಭ್ರಮದಲ್ಲಿ ತಲೆಗೆ ಹೋಗಲಿಲ್ಲ. ಪ್ಲಗ್ ಕಿತ್ತು ಮನೆಗೆ ಬಂದು, ಎಲ್ಲರಿಗೂ ಹೇಳಿಕೊಂಡೆ.

ಮಧ್ಯಾಹ್ನದ ಮೇಲೆ ಕರೆಂಟು ಹೋಯಿತು. ಕರೆಂಟಿಲ್ಲದ ಹೊತ್ತಿನಲ್ಲೇ ಹುಡುಗರು ಬಾಳೆಕಂದು, ಹೂವು ಕಟ್ಟಿ ಮಂಟಪ ಮಾಡಿದರು. ಮಂಟಪ ಎದ್ದ ಮೇಲೆ ಗೋಡೆಯ ಪ್ಲಗ್ಗಿಗೆ ಕೈ ಎಟುಕುವುದಿಲ್ಲವೆಂದು ಯಾರೋ ಜಾಣರು ನಗಾರಿಯ ಪ್ಲಗ್ಗನ್ನು ಮೊದಲೇ ಸಿಕ್ಕಿಸಿಟ್ಟಿದ್ದರು.

ಸಂಜೆ ನಾವು ಮೂವರೂ ಹೋದೆವು. ಅತ್ತೆಗೆ ಮುಂದೆ ಕುರ್ಚಿ ಸಿಕ್ಕಿತು. ನಾನು, ಯಜಮಾನರು ಜನರ ಹಿಂದೆ ನಿಂತೆವು. ಅರ್ಚಕರು ಕೈಗಂಟೆ ಬಾರಿಸುತ್ತಾ ಮಂಗಳಾರತಿ ಎತ್ತಿದರು. ಅದೇ ಕ್ಷಣಕ್ಕೆ ಕರೆಂಟು ಬಂತು. ದೀಪಗಳು ಝಗ್ಗೆಂದು ಹತ್ತಿದವು, ನಗಾರಿ ಢಣ ಢಣ ಎಂದು ತಾನಾಗಿ ಹೊಡೆಯತೊಡಗಿತು.

"ಯಾರೂ ಸ್ವಿಚ್ ಹಾಕ್ಲೇ ಇಲ್ಲ! ತಾನೇ ಶುರುವಾಯ್ತು!" ಎಂದು ಒಬ್ಬರು ಕೂಗಿದರು. ಜನ ಗಲ್ಲ ಬಡಿದುಕೊಂಡರು. ಒಬ್ಬಾಕೆ ಕಣ್ಣೊರೆಸಿಕೊಂಡರು. ನನಗೂ ಮೈ ಝುಂ ಎಂದಿತು.

ಮಂಗಳಾರತಿ ಸಾಮಾನ್ಯವಾಗಿ ಮೂರು ನಿಮಿಷ. ಮೂರು ನಿಮಿಷ ಆಯಿತು. ಕಾರ್ಯದರ್ಶಿ ಸ್ವಿಚ್ಚು ಒತ್ತಿದರು. ನಗಾರಿ ನಿಲ್ಲಲಿಲ್ಲ. ಮತ್ತೆ ಒತ್ತಿದರು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಏನೂ ಇಲ್ಲ. ಅರ್ಚಕರು ಓರೆಗಣ್ಣಿನಲ್ಲಿ ನೋಡಿದರು. ನಗಾರಿ ಇನ್ನೂ ನಡೆಯುತ್ತಿದೆ, ಆರತಿ ಇಳಿಸುವುದು ಹೇಗೆ? ಅವರು ಎತ್ತುತ್ತಲೇ ಇದ್ದರು. ಕಾರ್ಯದರ್ಶಿ ಸ್ವಿಚ್ಚು ಬಿಟ್ಟು ಕೈಮುಗಿದು ನಿಂತುಬಿಟ್ಟರು. ಆರತಿ ಇನ್ನೂ ನಡೆಯುತ್ತಿದೆ, ನಗಾರಿಯನ್ನು ಅಷ್ಟು ಬಲವಂತವಾಗಿ ನಿಲ್ಲಿಸುವುದು ಹೇಗೆ? ಒಬ್ಬರು ನಿಲ್ಲಿಸಲಿ ಎಂದು ಇನ್ನೊಬ್ಬರು ಕಾದರು. ಕರ್ಪೂರ ಆರಿದಂತೆಲ್ಲ ಸಹಾಯಕ ಅರ್ಚಕರು ಹೊಸದಾಗಿ ಇಡುತ್ತಲೇ ಇದ್ದರು.

ಹತ್ತು ನಿಮಿಷ ಆಯಿತು. ನನ್ನ ಪಕ್ಕದಲ್ಲಿ ಬೆಳಗಿನಿಂದ ಉಪವಾಸವಿದ್ದಾಕೆ ಪಿಸುಗುಟ್ಟಿದರು: "ಇವತ್ತು ವಿಶೇಷ ಏನ್ರೀ? ಹೀಗೇ ಆದ್ರೆ ಚಂದ್ರ ಬಂದು ಕಾದು ವಾಪಸ್ ಹೋಗ್ತಾನೆ."

ಆಗ ನನ್ನ ಕಣ್ಣ ಮುಂದೆ ಆ ಸ್ವಿಚ್ಚಿನ ಡಬ್ಬಿ ಬಂತು. ಅದಕ್ಕೆ ಎರಡು ಕಾಲು, ಒಂದೊಂದು ಕಾಲಿಗೆ ಒಂದೊಂದು ತಂತಿ ಇರಬೇಕು. ನಾನು ಬೆಸೆದ ಕಾಲಿನಲ್ಲಿ ಆಗಲೇ ಒಂದು ತಂತಿ ಇರಲಿಲ್ಲವೇ?

"ರೀ" ಎಂದೆ ಯಜಮಾನರ ಕಿವಿಯಲ್ಲಿ, "ನಾನು ಎರಡು ತಂತೀನೂ ಒಂದೇ ಕಾಲಿಗೆ ಬೆಸೆದ್ಬಿಟ್ಟಿದೀನಿ."

"ಅಂದ್ರೆ?"

"ಸ್ವಿಚ್ಚು ಬರೀ ಅಲಂಕಾರಕ್ಕೆ. ಪ್ಲಗ್ಗಲ್ಲಿ ಕರೆಂಟ್ ಇರೋವರ್ಗೂ ನಗಾರಿ ನಿಲ್ಲಲ್ಲ."

ಯಜಮಾನರು ಧೈರ್ಯ ಹೇಳಿದರು: "ಹೆದರ್ಬೇಡ ಸುಮ್ನಿರು. ಆ ಅಲುಗಾಟಕ್ಕೆ ಈಗ ಕಿತ್ತುಹೋಗುತ್ತೆ. ನಿನ್ನ ಬೆಸುಗೆ ಯಾವಾಗ್ಲೂ ಕಿತ್ತುಹೋಗುತ್ತಲ್ಲ."

"ಇವತ್ತು ಹೋಗಲ್ಲ ರೀ! ಮೊನೆ ಬೆಳ್ಳಗಿತ್ತು!"

ನನಗೆ ಅಳು ಬರುವ ಹಾಗಾಯಿತು. ಅರ್ಚಕರ ಕೈ ಇಳಿಯುತ್ತಾ ಬಂದಿತ್ತು. ಮೊದಲು ದೇವರ ಮುಖಕ್ಕೆ ಬೆಳಗುತ್ತಿದ್ದ ಆರತಿ ಈಗ ಹೊಟ್ಟೆಯ ಹತ್ತಿರ ಬಂದಿತ್ತು, ಇನ್ನೈದು ನಿಮಿಷಕ್ಕೆ ಇಲಿಗೆ ಮಾತ್ರ ಕಾಣುತ್ತಿತ್ತು. ಜನರನ್ನು ತಳ್ಳಿಕೊಂಡು ಮುಂದೆ ಹೋಗಲು ನೋಡಿದೆ. "ಎಲ್ರಿಗೂ ದರ್ಶನ ಆಗುತ್ತೆ ಇರಮ್ಮ" ಎಂದು ಗದರಿ ಹಿಂದಕ್ಕೆ ಕಳಿಸಿದರು. ಕೊನೆಗೆ ಮೂವತ್ತು ವರ್ಷ ಕ್ಲಾಸಿನಲ್ಲಿ ಬಳಸಿದ ಗಂಟಲನ್ನು ಮತ್ತೆ ತೆಗೆದೆ.

"ಮೇನ್ ಸ್ವಿಚ್ ಆಫ್ ಮಾಡ್ರಪ್ಪಾ! ತಪ್ಪು ನಂದು!"

ಮೇನ್ ಇದ್ದದ್ದು ಚಪ್ಪಲಿ ಬಿಡುವ ಜಾಗದಲ್ಲಿ. ಯಜಮಾನರೇ ಓಡಿಹೋಗಿ ಕೆಳಕ್ಕೆಳೆದರು. ನಗಾರಿ ನಿಂತಿತು, ದೀಪಗಳು ಆರಿದವು. ಕತ್ತಲಲ್ಲಿ ಒಂದು ಕರ್ಪೂರದ ಉರಿ ಮಾತ್ರ ನಡುಗುತ್ತಿತ್ತು. ಅರ್ಚಕರು ತಟ್ಟೆಯನ್ನು ಮೆಲ್ಲಗೆ ಕೆಳಗಿ‌ಟ್ಟು ಕಂಬಕ್ಕೊರಗಿದರು. ಇದೂ ಪೂಜೆಯ ಭಾಗವೆಂದು ತಿಳಿದ ಜನ ಮತ್ತೊಮ್ಮೆ ಗಲ್ಲ ಬಡಿದುಕೊಂಡರು.

ಜನ ಕರಗಿದ ಮೇಲೆ ಕ್ಷಮೆ ಕೇಳಲು ಹೋದೆ. ಅರ್ಚಕರು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ತೀರ್ಥ ಕೊಟ್ಟರು. ಸಿಟ್ಟೇನೂ ಇರಲಿಲ್ಲ.

"ನಿಮ್ಮ ಜಾಯಿಂಟು ಬಲು ಗಟ್ಟಿ ಇತ್ತಮ್ಮಾ" ಎಂದರು. "ಬಿಟ್ಟಿದ್ದು ನನ್ನ ಭುಜದ ಜಾಯಿಂಟು."